ಚಿಕಿತ್ಸೆ ಒಂದೇ ಆಗಿರುವಾಗ ಭೇದಿಯ ವೈರಸ್ಸಿಗೆ ಹೆಸರು ಹುಡುಕುವುದೇಕೆ?

ಓದುವ ಹಂಬಲ
ಅತಿಸಾರದ ಸಂಶೋಧನೆಯ ಬಗ್ಗೆ ಕೆಲವು ವಾರಗಳಿಂದ ಓದುತ್ತಿದ್ದೇನೆ. ಓದಿದಷ್ಟೂ ಒಂದು ಪ್ರಶ್ನೆ ಮನಸ್ಸಿನಲ್ಲಿ ಗಟ್ಟಿಯಾಗುತ್ತಿದೆ. ನಾನು ವೈದ್ಯಕೀಯ ಕ್ಷೇತ್ರದವನಲ್ಲ; ತಪ್ಪಿದ್ದರೆ ತಿಳಿದವರು ತಿದ್ದಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 170 ಕೋಟಿ ಭೇದಿ ಪ್ರಕರಣಗಳು ಆಗುತ್ತವೆ, ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಅದರಿಂದ ಸಾಯುತ್ತಾರೆ. ಆದರೆ ಚಿಕಿತ್ಸೆಯ ಮಾರ್ಗಸೂಚಿಯನ್ನು ತೆರೆದು ನೋಡಿದರೆ, ರಕ್ತಭೇದಿ ಮತ್ತು ಕಾಲರಾದಂತಹ ಕೆಲವನ್ನು ಬಿಟ್ಟು ಉಳಿದೆಲ್ಲಕ್ಕೂ ಒಂದೇ ದಾರಿ ಹೇಳಲಾಗಿದೆ: ಹೋದಷ್ಟು ನೀರು ಮತ್ತು ಲವಣವನ್ನು ಓಆರ್‌ಎಸ್ ಮೂಲಕ ತುಂಬಿಕೊಡಬೇಕು, ಜಿಂಕ್ ಕೊಡಬೇಕು, ಎದೆಹಾಲು ಮತ್ತು ಊಟವನ್ನು ನಿಲ್ಲಿಸಬಾರದು. ಕಾರಣ ರೋಟಾವೈರಸ್ ಆದರೂ ಅಷ್ಟೇ, ನೊರೊವೈರಸ್ ಆದರೂ ಅಷ್ಟೇ. ಹಾಗಿದ್ದ ಮೇಲೆ ಯಾವ ವೈರಸ್, ಅದರಲ್ಲಿ ಯಾವ ತಳಿ, ಯಾವ ದೇಶದಲ್ಲಿ ಯಾವುದರ ಪಾಲೆಷ್ಟು ಎಂದು ಎಣಿಸುವುದಕ್ಕೆ ದಶಕಗಟ್ಟಲೆ ಶ್ರಮವನ್ನೂ ಹಣವನ್ನೂ ಸುರಿಯುವುದೇಕೆ? ಅದೇ ಹಣದಲ್ಲಿ ಓಆರ್‌ಎಸ್ ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸಿದರೆ ಇನ್ನಷ್ಟು ಮಕ್ಕಳು ಉಳಿಯುವುದಿಲ್ಲವೇ?

ಸಂಶಯಜೀವಿ
ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನೇ ಕೇಳಿದ್ದೀರಿ. ಉತ್ತರ ಓದಲು ಕಾದಿದ್ದೇನೆ.

ಲ್ಯಾಬ್ ಬೆಂಚು
ಈ ಪ್ರಶ್ನೆಗೆ ನಾನು ಸುಮ್ಮನಿರಲಾರೆ. ಹನ್ನೊಂದು ವರ್ಷ ವೈರಾಣು ಪ್ರಯೋಗಾಲಯದಲ್ಲಿ ಮಲದ ಮಾದರಿಗಳನ್ನೇ ಪರೀಕ್ಷಿಸಿದವನು ನಾನು.

1973ಕ್ಕೆ ಮೊದಲು ಭೇದಿಯಿಂದ ಆಸ್ಪತ್ರೆ ಸೇರುತ್ತಿದ್ದ ಬಹುಪಾಲು ಮಕ್ಕಳಲ್ಲಿ ಕಾರಣವೇ ಪತ್ತೆಯಾಗುತ್ತಿರಲಿಲ್ಲ. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿ ರೋಗಕ್ಕೆ ಕಾರಣವಾಗುವಂಥದ್ದು ಏನೂ ಬೆಳೆಯುತ್ತಿರಲಿಲ್ಲ. ಆ ವರ್ಷ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಾಗಿದ್ದ ಮಕ್ಕಳ ಸಣ್ಣ ಕರುಳಿನ ಮೊದಲ ಭಾಗದಿಂದ ತೆಗೆದ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ, ಒಳಪದರದ ಜೀವಕೋಶಗಳಲ್ಲಿ ವೈರಸ್ ಕಣಗಳು ಕಿಕ್ಕಿರಿದಿದ್ದವು. ನೋಡಲು ಚಕ್ರದಂತಿರುವುದರಿಂದ ಚಕ್ರಕ್ಕೆ ಲ್ಯಾಟಿನ್‌ನಲ್ಲಿರುವ 'ರೋಟಾ' ಎಂಬ ಪದವೇ ಅದರ ಹೆಸರಾಯಿತು. ಆ ಹೆಸರು ಸಿಕ್ಕ ಮೇಲೆಯೇ ಲಸಿಕೆಯ ಕೆಲಸ ಶುರುವಾದದ್ದು. 2006ರಲ್ಲಿ ಎರಡು ಲಸಿಕೆಗಳು ಬಳಕೆಗೆ ಬಂದವು, 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಅದನ್ನು ಶಿಫಾರಸು ಮಾಡಿತು. ಕಾಯಿಲೆ ಬಿದ್ದ ಮಗುವಿನ ಪಕ್ಕದಲ್ಲಿ ಕುಳಿತವರಿಗೆ ವೈರಸ್ಸಿನ ಹೆಸರು ಬೇಕಾಗದೆ ಇರಬಹುದು. ಆದರೆ ಇನ್ನೂ ಕಾಯಿಲೆ ಬೀಳದ ಮಗುವನ್ನು ಕಾಯಬೇಕಾದರೆ ಹೆಸರಿಲ್ಲದೆ ಒಂದು ಹೆಜ್ಜೆಯೂ ಇಡಲಾಗುವುದಿಲ್ಲ.

ಪರೀಕ್ಷೆ ಹೇಗಿರುತ್ತದೆಂದು ನೋಡದವರಿಗೆ ಹೇಳುತ್ತೇನೆ. ತೊಂಬತ್ತಾರು ಪುಟ್ಟ ಗುಳಿಗಳಿರುವ ತಟ್ಟೆಯೊಂದಿರುತ್ತದೆ. ಒಂದೊಂದು ಗುಳಿಗೂ ಒಂದೊಂದು ಮಗುವಿನ ಮಾದರಿಯನ್ನು ಹಾಕುತ್ತೇವೆ. ಕೊನೆಯ ದ್ರಾವಣ ಬಿದ್ದ ಕೆಲವು ನಿಮಿಷಗಳಲ್ಲಿ ರೋಟಾವೈರಸ್ ಇರುವ ಗುಳಿಗಳಲ್ಲಿ ನೀಲಿ ಏಳುತ್ತದೆ, ಆಮ್ಲದ ಹನಿ ಹಾಕಿದೊಡನೆ ಆ ನೀಲಿ ಹಳದಿಗೆ ತಿರುಗುತ್ತದೆ. ಕೆಲವು ದಿನ ಸಾಲಿಗೆ ಸಾಲೇ ಹಳದಿಯಾದದ್ದನ್ನು ಕಂಡಿದ್ದೇನೆ. ಆ ಸಾಲಿನ ಒಂದೊಂದು ಗುಳಿಯೂ ಆ ವಾರ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಒಂದೊಂದು ಮಗು.

ಮಕ್ಕಳ ವಾರ್ಡಿನ ವೈದ್ಯೆ
ಲ್ಯಾಬ್ ಬೆಂಚು ಅವರ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಹಾಸಿಗೆಯ ಪಕ್ಕದಲ್ಲಿ ಹೆಸರು ಬೇಡವೇ ಬೇಡ ಎನ್ನುವುದನ್ನು ಅಷ್ಟು ಸಲೀಸಾಗಿ ಒಪ್ಪಲಾರೆ. ವೈರಸ್ಸಿನಿಂದಾದ ಭೇದಿಗೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ. ಅಷ್ಟಾದರೂ ಚೀಟಿಯಲ್ಲಿ ಅದು ಬಂದುಬಿಡುತ್ತದೆ, ಕೆಲವೊಮ್ಮೆ ಎರಡೆರಡು ಬಗೆಯದು. ಮಕ್ಕಳ ನೀರುಭೇದಿಯಲ್ಲಿ ದೊಡ್ಡ ಪಾಲು ವೈರಸ್ಸಿನದು ಎಂಬುದು ಸಂಶೋಧನೆಯಿಂದ ಸ್ಪಷ್ಟವಾದ್ದರಿಂದಲೇ 'ರಕ್ತ ಕಾಣಿಸದಿದ್ದರೆ, ಕಾಲರಾ ಶಂಕೆ ಇಲ್ಲದಿದ್ದರೆ ಆ್ಯಂಟಿಬಯಾಟಿಕ್ ಬೇಡ' ಎಂದು ನಾವು ಧೈರ್ಯವಾಗಿ ಹೇಳಬಲ್ಲೆವು. ಒಂದೊಂದು ಮಗುವಿನ ಮಲವನ್ನೂ ಪರೀಕ್ಷೆಗೆ ಕಳಿಸುವ ಅಗತ್ಯ ನಮಗಿಲ್ಲ. ಆದರೆ ಸಾವಿರಾರು ಮಕ್ಕಳ ಮಲವನ್ನು ಯಾರೋ ಪರೀಕ್ಷಿಸಿದ್ದಾರೆ ಎಂಬ ಆಧಾರದ ಮೇಲೆ ನಮ್ಮ ಆ ಧೈರ್ಯ ನಿಂತಿದೆ.

ಸಂಶಯಜೀವಿ
ಇಲ್ಲಿ ನನ್ನದೊಂದು ತಕರಾರಿದೆ. ಮಲದಲ್ಲಿ ವೈರಸ್ ಸಿಕ್ಕಿತು ಎಂದ ಮಾತ್ರಕ್ಕೆ ಭೇದಿಗೆ ಅದೇ ಕಾರಣ ಎಂದು ಹೇಗೆ ಹೇಳುತ್ತೀರಿ? ಆರೋಗ್ಯವಾಗಿ ಆಡಿಕೊಂಡಿರುವ ಮಗುವಿನ ಮಲದಲ್ಲೂ ಹುಡುಕಿದರೆ ನಾಲ್ಕಾರು ರೋಗಾಣು ಸಿಗುತ್ತವಲ್ಲ!

ಅಂಕಿಗಣಿತ
ಇದು ಒಳ್ಳೆಯ ತಕರಾರು. ಈ ಕ್ಷೇತ್ರದ ಅತಿ ದೊಡ್ಡ ಅಧ್ಯಯನವೊಂದು ಹುಟ್ಟಿಕೊಂಡದ್ದೇ ಅದಕ್ಕೆ ಉತ್ತರ ಹುಡುಕಲು. ಜೆಮ್ಸ್ ಎಂದು ಕರೆಯುವ ಆ ಅಧ್ಯಯನ ಗ್ಯಾಂಬಿಯಾ, ಮಾಲಿ, ಮೊಜಾಂಬಿಕ್, ಕೀನ್ಯಾ, ಭಾರತ, ಬಾಂಗ್ಲಾದೇಶ ಮತ್ತು ಪಾಕಿಸ್ತಾನಗಳ ಏಳು ಕೇಂದ್ರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾಯಿತು. ಮಧ್ಯಮದಿಂದ ತೀವ್ರ ಮಟ್ಟದ ಭೇದಿಯಾಗಿದ್ದ 9,439 ಮಕ್ಕಳನ್ನು ತೆಗೆದುಕೊಂಡು, ಅದೇ ವಯಸ್ಸಿನ, ಅದೇ ಪ್ರದೇಶದ, ಭೇದಿಯಿಲ್ಲದ 13,129 ಮಕ್ಕಳ ಮಲವನ್ನೂ ಪಕ್ಕದಲ್ಲಿಟ್ಟು ಪರೀಕ್ಷಿಸಿದರು. ರೋಗಾಣು ಎರಡೂ ಗುಂಪುಗಳಲ್ಲಿ ಸಮಸಮವಾಗಿ ಸಿಕ್ಕರೆ ಅದರ ಮೇಲೆ ಹೊರಿಸುವ ತಪ್ಪು ಕಡಿಮೆ. ಕಾಯಿಲೆಯ ಗುಂಪಿನಲ್ಲಿ ಮಾತ್ರ ಹೆಚ್ಚಿದ್ದರೆ ತಪ್ಪು ಹೆಚ್ಚು. ಹೀಗೆ ಕಳೆದು ಕೂಡಿ ನೋಡಿದಾಗ ಮುಂದೆ ಬಂದದ್ದು ನಾಲ್ಕು: ರೋಟಾವೈರಸ್, ಕ್ರಿಪ್ಟೋಸ್ಪೋರಿಡಿಯಂ ಎಂಬ ಏಕಕೋಶ ಪರಾವಲಂಬಿ, ವಿಷ ಸ್ರವಿಸುವ ಒಂದು ಬಗೆಯ ಇ. ಕೋಲೈ ಬ್ಯಾಕ್ಟೀರಿಯಾ, ಮತ್ತು ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ. ಕ್ರಿಪ್ಟೋಸ್ಪೋರಿಡಿಯಂ ಇಷ್ಟು ಮೇಲೆ ಬರುತ್ತದೆಂದು ನಿರೀಕ್ಷಿಸಿದ್ದವರು ಕಡಿಮೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಮಾದರಿಗಳಲ್ಲಿ ಕೆಲವನ್ನು, ರೋಗಾಣುವಿನ ವಂಶವಾಹಿಯನ್ನೇ ಪತ್ತೆಹಚ್ಚುವ ಪಿಸಿಆರ್ ವಿಧಾನದಿಂದ ಮತ್ತೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ರೋಗಾಣು ಇದೆಯೋ ಇಲ್ಲವೋ ಎಂದಷ್ಟೇ ಕೇಳದೆ ಎಷ್ಟು ಪ್ರಮಾಣದಲ್ಲಿದೆ ಎಂದು ಈ ಸಲ ಅಳೆದರು. ಆಗ ಶಿಗೆಲ್ಲಾದ ಪಾಲು ಬಹಳ ಏರಿತು, ಕರುಳಿಗೆ ತಗಲುವ ಅಡೆನೊವೈರಸ್ಸಿನ 40 ಮತ್ತು 41ನೆಯ ಬಗೆಗಳು ಕೂಡ ಮುಂಚೂಣಿಗೆ ಬಂದವು. ಹಳೆಯ ವಿಧಾನದ ಕಣ್ಣಿಗೆ ಅವು ಬಹುಪಾಲು ಬಿದ್ದಿರಲೇ ಇಲ್ಲ.

ಸಂಶಯಜೀವಿ
ಕಾಯಿಲೆಯಿಲ್ಲದ ಮಕ್ಕಳನ್ನೂ ಸೇರಿಸಿಕೊಂಡಿದ್ದರು ಎಂಬುದು ನನಗೆ ತಿಳಿದಿರಲಿಲ್ಲ. ಈ ತಕರಾರನ್ನು ಹಿಂದಕ್ಕೆ ಪಡೆಯುತ್ತೇನೆ. ಹಣದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ರಾತ್ರಿಪಾಳಿ
ನಾನು ದಾದಿ. ಓಆರ್‌ಎಸ್ ಪೊಟ್ಟಣ ಹಂಚಿಬಿಟ್ಟರೆ ಕೆಲಸ ಮುಗಿಯಿತು ಎಂಬಂತೆ ಮೂಲ ಪ್ರಶ್ನೆಯಲ್ಲಿ ಬರೆದಿದ್ದೀರಿ. ಅದರ ಬಗ್ಗೆ ನಾಲ್ಕು ಮಾತು ಹೇಳಬೇಕು.

ಒಂದು ರಾತ್ರಿ ಹನ್ನೊಂದು ತಿಂಗಳ ಮಗುವನ್ನು ಎತ್ತಿಕೊಂಡು ತಾಯಿಯೊಬ್ಬರು ಬಂದರು. ಕಣ್ಣು ಗುಳಿಬಿದ್ದಿತ್ತು, ಅಳುತ್ತಿದ್ದರೂ ಕಣ್ಣೀರಿರಲಿಲ್ಲ, ಹೊಟ್ಟೆಯ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟರೆ ಅದು ಮಡಿಕೆಯಾಗಿಯೇ ನಿಂತು ನಿಧಾನವಾಗಿ ಇಳಿಯುತ್ತಿತ್ತು. ಆ ತಾಯಿಯ ಚೀಲದಲ್ಲಿ ಓಆರ್‌ಎಸ್ ಪೊಟ್ಟಣವಿತ್ತು. 'ಕೊಟ್ಟೆ ಸಿಸ್ಟರ್, ಕುಡಿದದ್ದೆಲ್ಲ ವಾಂತಿಯಾಯಿತು, ಅದಕ್ಕೆ ನಿಲ್ಲಿಸಿಬಿಟ್ಟೆ' ಎಂದರು. ಬಾಯಾರಿದ ಮಗು ಲೋಟವನ್ನೇ ಎಳೆದುಕೊಂಡು ಗಟಗಟನೆ ಕುಡಿದಿತ್ತು. ಹಾಗೆ ಕುಡಿದರೆ ವಾಂತಿಯಾಗುವುದು ಸಹಜ. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಟ್ಟು, ಆಮೇಲೆ ಒಂದೊಂದೇ ಚಮಚ ಕೊಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತು ಗಡಿಯಾರ ನೋಡುತ್ತ ಒಂದು ಚಮಚ, ಸ್ವಲ್ಪ ಬಿಡುವು, ಮತ್ತೊಂದು ಚಮಚ ಎಂದು ತೋರಿಸಿಕೊಟ್ಟೆ. ನಡುವೆ ಇನ್ನೊಮ್ಮೆ ವಾಂತಿಯಾಯಿತು. ಹತ್ತು ನಿಮಿಷ ಕಾದು ಮತ್ತೆ ಶುರುಮಾಡಿದೆವು. ಮೂರನೆಯ ಗಂಟೆಗೆ ಮಗು ಮೂತ್ರ ಮಾಡಿತು. ಆ ಒದ್ದೆ ಬಟ್ಟೆಯನ್ನು ಕಂಡು ತಾಯಿ ಅತ್ತುಬಿಟ್ಟರು. ಡ್ರಿಪ್ ಬೇಕಾಗಲೇ ಇಲ್ಲ.

ಪೊಟ್ಟಣ ಕೈಯಲ್ಲಿದ್ದೂ ಮಗು ನಮ್ಮ ಬಾಗಿಲಿಗೆ ಆ ಸ್ಥಿತಿಯಲ್ಲಿ ಬಂದಿತ್ತು ಎಂಬುದನ್ನು ದಯವಿಟ್ಟು ಗಮನಿಸಿ.

ಇತಿಹಾಸಪ್ರಿಯ
ರಾತ್ರಿಪಾಳಿಯವರ ಮಾತು ಓದಿ ವೈದ್ಯ ದಿಲೀಪ್ ಮಹಾಲನಬಿಸ್ ಅವರ ನೆನಪಾಯಿತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ ಅವರೇ ಓಆರ್‌ಎಸ್ ಕಂಡುಹಿಡಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಅಂದಿನ ಶಿಬಿರದಲ್ಲಿ ರೋಗಿಗಳ ಮನೆಯವರೇ ದ್ರಾವಣವನ್ನು ಕುಡಿಸುತ್ತಿದ್ದರು.

ಜೀವಶಾಸ್ತ್ರದ ಮೇಷ್ಟ್ರು
ಒಂದು ತಿದ್ದುಪಡಿ ಅಗತ್ಯ. ಮಹಾಲನಬಿಸ್ ಅವರ ಸಾಧನೆ ದೊಡ್ಡದು, ಆದರೆ 'ಕಂಡುಹಿಡಿದರು' ಎಂದರೆ ಅವರಿಗಿಂತ ಮೊದಲು ದುಡಿದವರಿಗೆ ಅನ್ಯಾಯವಾಗುತ್ತದೆ. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಜೊತೆಯಾಗಿ ಒಳಹೋಗುತ್ತವೆ ಎಂದು 1960ರಲ್ಲಿ ರಾಬರ್ಟ್ ಕ್ರೇನ್ ಪ್ರತಿಪಾದಿಸಿದರು. ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ 1968ರಲ್ಲಿ ಕಾಲರಾ ರೋಗಿಗಳಿಗೆ ಆ ಬಗೆಯ ದ್ರಾವಣವನ್ನು ಕುಡಿಸಿ ಫಲ ತೋರಿಸಿದ್ದರು. ಆಸ್ಪತ್ರೆಯ ಶಿಸ್ತಿನಾಚೆ, ತರಬೇತಿಯಿಲ್ಲದವರ ಕೈಯಲ್ಲೂ ಅದು ಪ್ರಾಣ ಉಳಿಸುತ್ತದೆಂದು ಶಿಬಿರದ ನೆಲದಲ್ಲಿ ಸಾಧಿಸಿ ತೋರಿಸಿದವರು ಮಹಾಲನಬಿಸ್. 1978ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ತನ್ನ ಸಂಪಾದಕೀಯದಲ್ಲಿ ಸೋಡಿಯಂ-ಗ್ಲೂಕೋಸ್ ಜೋಡಿಯ ಈ ಶೋಧವನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆಯಾಗಬಹುದಾದದ್ದು ಎಂದು ಬಣ್ಣಿಸಿತು.

ಇದನ್ನು ಎಳೆದು ಹೇಳುವುದಕ್ಕೆ ಕಾರಣವಿದೆ. ಓಆರ್‌ಎಸ್ ಹಂಚಿ, ಸಂಶೋಧನೆ ಬಿಡಿ ಎನ್ನುವವರು ಓಆರ್‌ಎಸ್ ತಾನೇ ಸಂಶೋಧನೆಯಿಂದ ಬಂದದ್ದು ಎಂಬುದನ್ನು ಮರೆಯಬಾರದು. ಬರಿಯ ನೀರು ಕೊಟ್ಟರೆ ಸಾಲದು, ಉಪ್ಪುನೀರು ಕೊಟ್ಟರೂ ಸಾಲದು. ಗ್ಲೂಕೋಸ್ ಜೊತೆಗಿದ್ದಾಗ ಸೋಡಿಯಂ ಒಳಹೋಗುತ್ತದೆ, ಅದರ ಹಿಂದೆ ನೀರು ಹೋಗುತ್ತದೆ. ಭೇದಿಯ ನಡುವೆಯೂ ಈ ಬಾಗಿಲು ಸಾಕಷ್ಟು ತೆರೆದಿರುತ್ತದೆ ಎಂಬುದು ಊಹೆಗೆ ಹೊಳೆಯುವ ಸಂಗತಿಯಲ್ಲ.

ಇತಿಹಾಸಪ್ರಿಯ
ತಿದ್ದಿದ್ದಕ್ಕೆ ಧನ್ಯವಾದ ಮೇಷ್ಟ್ರೇ. ಹಾಗೆ ನೋಡಿದರೆ ಕಾಲರಾ ಬ್ಯಾಕ್ಟೀರಿಯಾ ಬಿಡುವ ವಿಷವೇ ಕರುಳಿನಿಂದ ನೀರು ಹರಿಸುತ್ತದೆ ಎಂದು 1959ರಲ್ಲಿ ಕೋಲ್ಕತ್ತದಲ್ಲಿ ಸಾಧಿಸಿದ ಶಂಭುನಾಥ ಡೇ ಅವರನ್ನೂ ಈ ಸಾಲಿನಲ್ಲಿ ಸೇರಿಸಬೇಕು.

ಅಂಕಿಗಣಿತ
ಸಾವಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. 1982ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಆಗ ವರ್ಷಕ್ಕೆ ಸುಮಾರು 46 ಲಕ್ಷ ಮಕ್ಕಳು ಭೇದಿಯಿಂದ ಸಾಯುತ್ತಿದ್ದರು. ಈಗಿನ 4.4 ಲಕ್ಷದ ಪಕ್ಕದಲ್ಲಿ ಅದನ್ನಿಟ್ಟು ನೋಡಿ. ಎಣಿಸುವ ವಿಧಾನಗಳು ಬೇರೆಯಾದ್ದರಿಂದ ನೇರವಾಗಿ ಕಳೆಯುವುದು ಸರಿಯಲ್ಲ, ಆದರೂ ಇಳಿಕೆ ಅಗಾಧವಾದದ್ದು.

ನೀರು ಕೊಳವೆ
ಈ ಇಳಿಕೆಯ ಯಶಸ್ಸನ್ನು ಲಸಿಕೆ ಮತ್ತು ಪೊಟ್ಟಣಗಳಿಗೇ ಕಟ್ಟಬೇಡಿ. ನಾನು ನೀರು ಸರಬರಾಜಿನ ಎಂಜಿನಿಯರ್. ಮಲ ಬಾಯಿಗೆ ಸೇರುವ ದಾರಿಯನ್ನು ಮುಚ್ಚಿದರೆ ವೈರಸ್ಸಿಗೊಂದು, ಬ್ಯಾಕ್ಟೀರಿಯಾಕ್ಕೊಂದು ಎಂದು ಬೇರೆಬೇರೆ ಯುದ್ಧ ಹೂಡಬೇಕಾಗಿಲ್ಲ. ಕಾಲರಾ, ಟೈಫಾಯ್ಡ್, ಕಾಮಾಲೆಯ ಎ ಮತ್ತು ಇ ವೈರಸ್‌ಗಳು, ಎಲ್ಲವೂ ಅದೇ ದಾರಿಯಲ್ಲಿ ಬರುತ್ತವೆ. ದೆಹಲಿಯಲ್ಲಿ 1955-56ರಲ್ಲಿ ಕುಡಿಯುವ ನೀರಿಗೆ ಕೊಳಚೆ ಸೇರಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಅದು ಹೆಪಟೈಟಿಸ್ ಇ ಎಂದು ಗೊತ್ತಾದದ್ದು ದಶಕಗಳ ನಂತರ. ಹೆಸರು ಗೊತ್ತಿಲ್ಲದಿದ್ದರೂ ಕೊಳವೆಯನ್ನು ಸರಿಯಾಗಿಟ್ಟಿದ್ದರೆ ಸಾಕಿತ್ತು.

ಲ್ಯಾಬ್ ಬೆಂಚು
ಕಾಮಾಲೆಯ ವಿಷಯದಲ್ಲಿ ನೀವು ಹೇಳಿದ್ದು ನಿಜ. ರೋಟಾವೈರಸ್ ವಿಷಯದಲ್ಲಿ ಮಾತ್ರ ಆ ವಾದ ನಿಲ್ಲುವುದಿಲ್ಲ. ಲಸಿಕೆ ಬರುವ ಮೊದಲು, ಶುದ್ಧ ನೀರು ಮತ್ತು ಒಳಚರಂಡಿ ಎಲ್ಲವೂ ಇದ್ದ ಶ್ರೀಮಂತ ದೇಶಗಳಲ್ಲೂ ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಅದು ಒಮ್ಮೆಯಾದರೂ ತಗಲುತ್ತಿತ್ತು. ಕಾಯಿಲೆಯಾದ ಮಗುವಿನ ಒಂದು ಗ್ರಾಂ ಮಲದಲ್ಲಿ ಹತ್ತು ಸಾವಿರ ಕೋಟಿಯಷ್ಟು ವೈರಸ್ ಕಣಗಳಿರಬಲ್ಲವು; ಅದರಲ್ಲಿ ಅತ್ಯಲ್ಪ ಭಾಗ ಆಟಿಕೆಗೆ, ಬಾಗಿಲ ಹಿಡಿಗೆ, ಎತ್ತಿಕೊಂಡವರ ಕೈಗೆ ಅಂಟಿದರೂ ಇನ್ನೊಂದು ಮಗುವಿಗೆ ಸಾಕು. ಕೊಳವೆ ಎಷ್ಟೇ ಶುದ್ಧವಾಗಿದ್ದರೂ ಈ ದಾರಿ ತೆರೆದೇ ಇರುತ್ತದೆ. ಶ್ರೀಮಂತ ದೇಶದ ಮಗು ಬದುಕುತ್ತಿತ್ತು, ಬಡ ದೇಶದ ಮಗು ಸಾಯುತ್ತಿತ್ತು. ಸೋಂಕು ಮಾತ್ರ ಇಬ್ಬರಿಗೂ ತಗಲುತ್ತಿತ್ತು.

ಅಂಕಿಗಣಿತ
ನೀರು ಕೊಳವೆಯವರು ಇನ್ನೊಂದು ಸಂಗತಿಗೂ ಉತ್ತರಿಸಬೇಕು. ಬಾಂಗ್ಲಾದೇಶ, ಕೀನ್ಯಾ ಮತ್ತು ಜಿಂಬಾಬ್ವೆಗಳಲ್ಲಿ ನೀರಿಗೆ ಕ್ಲೋರಿನ್, ಸುಧಾರಿತ ಶೌಚಾಲಯ, ಕೈತೊಳೆಯುವ ವ್ಯವಸ್ಥೆ ಎಲ್ಲವನ್ನೂ ಕೊಟ್ಟು ಸಾವಿರಾರು ಮಕ್ಕಳನ್ನು ಗಮನಿಸಿದ ದೊಡ್ಡ ಪ್ರಯೋಗಗಳ ಫಲಿತಾಂಶ 2018 ಮತ್ತು 2019ರಲ್ಲಿ ಬಂದಿತು. ಬಾಂಗ್ಲಾದೇಶದಲ್ಲಿ ಭೇದಿ ಕಡಿಮೆಯಾಯಿತು, ಉಳಿದೆರಡು ಕಡೆ ಆಗಲಿಲ್ಲ. ಮಕ್ಕಳ ಎತ್ತರದ ಬೆಳವಣಿಗೆಯಂತೂ ನೀರು-ನೈರ್ಮಲ್ಯದ ಕ್ರಮಗಳಿಂದ ಎಲ್ಲಿಯೂ ಸುಧಾರಿಸಲಿಲ್ಲ.

ನೀರು ಕೊಳವೆ
ಅದಕ್ಕೆ ಉತ್ತರ ಇದೆ. ಆ ಪ್ರಯೋಗಗಳಲ್ಲಿ ಪರೀಕ್ಷೆಗೆ ಒಳಗಾದದ್ದು ಮನೆಮಟ್ಟದ ಅಗ್ಗದ ಕ್ರಮಗಳು. ದಿನವಿಡೀ ಒತ್ತಡದಲ್ಲಿ ಹರಿಯುವ ಶುದ್ಧೀಕರಿಸಿದ ನೀರು, ಊರಿಗೆ ಊರೇ ಸೇರಿದ ಒಳಚರಂಡಿ, ಕೊಳಚೆ ಸಂಸ್ಕರಣೆ ಅಲ್ಲಿರಲಿಲ್ಲ. ಒಂದು ಮನೆಗೆ ಒಳ್ಳೆಯ ಶೌಚಾಲಯ ಕಟ್ಟಿ ಸುತ್ತಲಿನ ಅಂಗಳಗಳನ್ನು ಹಾಗೆಯೇ ಬಿಟ್ಟರೆ ಮಗು ತೆವಳುವ ನೆಲ ಹೇಗೆ ಶುದ್ಧವಾದೀತು? ಆ ಫಲಿತಾಂಶದಿಂದ ನಾನು ಕಲಿತದ್ದು ಅರೆಬರೆ ಕೆಲಸ ಸಾಲದು ಎಂಬುದನ್ನು. 'ನೈರ್ಮಲ್ಯದಿಂದ ಲಾಭವಿಲ್ಲ' ಎಂದು ಅದನ್ನು ಓದುವುದು ತಪ್ಪಾಗುತ್ತದೆ, ಅಪಾಯಕಾರಿಯೂ ಹೌದು.

ಮಕ್ಕಳ ವಾರ್ಡಿನ ವೈದ್ಯೆ
ಇದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಸೋಪು ಹಚ್ಚಿ ಕೈತೊಳೆಯುವುದನ್ನು ರೂಢಿ ಮಾಡಿಸಿದ ಕಡೆಗಳಲ್ಲಿ ಭೇದಿ ಶೇ 30ರಷ್ಟು ಇಳಿದಿದೆ ಎಂಬುದಕ್ಕೂ ಹಲವು ಪ್ರಯೋಗಗಳ ಬೆಂಬಲವಿದೆ. ಲಸಿಕೆ ಮತ್ತು ನೈರ್ಮಲ್ಯ ಒಂದಕ್ಕೊಂದು ಎದುರಾಳಿಗಳಾಗಿ ನಿಲ್ಲಬೇಕಾಗಿಲ್ಲ.

ಸಂಶಯಜೀವಿ
ಲಸಿಕೆಯ ಬಗ್ಗೆ ಇಷ್ಟು ಭರವಸೆಯಿಂದ ಬರೆಯುತ್ತಿದ್ದೀರಿ. ಅಮೆರಿಕದಲ್ಲಿ ಬಂದ ಮೊದಲ ರೋಟಾವೈರಸ್ ಲಸಿಕೆಯನ್ನು ಒಂದೇ ವರ್ಷದಲ್ಲಿ ಹಿಂದಕ್ಕೆ ಪಡೆದರಲ್ಲ, ಅದನ್ನು ಯಾರೂ ಹೇಳಲಿಲ್ಲ. ಜೊತೆಗೆ ಭಾರತದಲ್ಲಿ ರೂಪಿಸಿದ ಲಸಿಕೆಯ ಸಾಮರ್ಥ್ಯ ಶೇ 55ರ ಆಸುಪಾಸು ಎಂದು ಓದಿದ್ದೇನೆ. ಅರ್ಧಕ್ಕರ್ಧ ಮಾತ್ರ ಕೆಲಸ ಮಾಡುವ ಲಸಿಕೆಯನ್ನು ಎಲ್ಲ ಮಕ್ಕಳಿಗೂ ಕೊಡುವುದು ಸರಿಯೇ?

ಲ್ಯಾಬ್ ಬೆಂಚು
ಎರಡೂ ನಿಜ, ಮುಚ್ಚಿಡುವಂಥದ್ದೇನೂ ಇಲ್ಲ. 1998ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ ರೋಟಾಶೀಲ್ಡ್ ಎಂಬ ಲಸಿಕೆಯನ್ನು 1999ರಲ್ಲಿ ಹಿಂಪಡೆಯಲಾಯಿತು. ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ತೂರಿಕೊಂಡು ಕಟ್ಟಿಕೊಳ್ಳುವ ತೊಂದರೆ ಸುಮಾರು ಹತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಆ ಲಸಿಕೆಯಿಂದ ಉಂಟಾಗುತ್ತಿತ್ತು. ಲಸಿಕೆ ಬಂದ ಮೇಲೂ ಕಣ್ಣಿಟ್ಟು ಎಣಿಸುತ್ತಿದ್ದವರು ಇದ್ದುದರಿಂದಲೇ ಅದು ಸಿಕ್ಕಿಬಿದ್ದಿತು. ಆ ನಂತರ 2006ರ ಎರಡೂ ಲಸಿಕೆಗಳನ್ನು ತಲಾ 60,000ಕ್ಕೂ ಹೆಚ್ಚು ಶಿಶುಗಳಲ್ಲಿ ಪರೀಕ್ಷಿಸಬೇಕಾಯಿತು. ಎಣಿಕೆಗೆ ಹಣ ಯಾಕೆ ಎಂದು ಮೂಲ ಪ್ರಶ್ನೆಯಲ್ಲಿ ಕೇಳಿದ್ದರಲ್ಲ, ಅದಕ್ಕೆ ಇದೂ ಒಂದು ಉತ್ತರ.

ಭಾರತದ ರೋಟಾವ್ಯಾಕ್ ಲಸಿಕೆಯ ಮೂಲ 116ಇ ಎಂಬ ತಳಿ. ದೆಹಲಿಯಲ್ಲಿ 1980ರ ದಶಕದಲ್ಲಿ, ಸೋಂಕಿದ್ದೂ ಭೇದಿಯಾಗದಿದ್ದ ನವಜಾತ ಶಿಶುಗಳಲ್ಲಿ ಅದು ಸಿಕ್ಕಿತು. ಮಹಾರಾಜ್ ಕಿಶನ್ ಭಾನ್ ಮತ್ತು ಸಂಗಡಿಗರು ಅದರ ಹಿಂದೆ ಬಿದ್ದು ದಶಕಗಳ ಕಾಲ ದುಡಿದರು. 2016ರಲ್ಲಿ ರೋಟಾವೈರಸ್ ಲಸಿಕೆ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು.

ಅಂಕಿಗಣಿತ
ಶೇ 55 ಕಡಿಮೆ ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಸಾವಿರ ಮಕ್ಕಳಲ್ಲಿ ಐವತ್ತು ಮಂದಿಗೆ ತೀವ್ರ ರೋಟಾವೈರಸ್ ಭೇದಿಯಾಗುವ ಒಂದು ಊರನ್ನೂ ಐದು ಮಂದಿಗೆ ಆಗುವ ಇನ್ನೊಂದು ಊರನ್ನೂ ಕಲ್ಪಿಸಿಕೊಳ್ಳಿ. ಮೊದಲ ಊರಿನಲ್ಲಿ ಶೇ 55ರ ಲಸಿಕೆ ಇಪ್ಪತ್ತೇಳು ಮಕ್ಕಳನ್ನು ಕಾಯುತ್ತದೆ. ಎರಡನೆಯ ಊರಿನಲ್ಲಿ ಶೇ 95ರ ಲಸಿಕೆ ಐವರನ್ನೂ ಪೂರ್ತಿಯಾಗಿ ಕಾಯಲಾರದು. ಹೊರೆ ಎಲ್ಲಿ ಎಷ್ಟಿದೆ ಎಂದು ಅಳೆಯದೆ ಶೇಕಡಾವಾರನ್ನಷ್ಟೇ ನೋಡಿದರೆ ನಿರ್ಧಾರ ತಲೆಕೆಳಗಾಗುತ್ತದೆ.

ಓದುವ ಹಂಬಲ
ಚರ್ಚೆಯನ್ನು ಗಮನವಿಟ್ಟು ಓದುತ್ತಿದ್ದೇನೆ. ಅದೇ ಲಸಿಕೆ ಶ್ರೀಮಂತ ದೇಶಗಳಲ್ಲಿ ಚೆನ್ನಾಗಿ, ಬಡ ದೇಶಗಳಲ್ಲಿ ಅರೆಬರೆಯಾಗಿ ಕೆಲಸ ಮಾಡುವುದೇಕೆ? ವೈರಸ್ ಅದೇ ಅಲ್ಲವೇ?

ಲ್ಯಾಬ್ ಬೆಂಚು
ನನ್ನನ್ನು ವರ್ಷಗಟ್ಟಲೆ ಕಾಡಿರುವ ಪ್ರಶ್ನೆ ಅದು. ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೆಕ್ಸಿಕೋದಲ್ಲಿ 200 ಶಿಶುಗಳನ್ನು ಹುಟ್ಟಿನಿಂದ ಗಮನಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಎರಡು ಸಲ ಸಹಜವಾಗಿ ಸೋಂಕು ತಗುಲಿದ ಯಾವ ಮಗುವಿಗೂ ಆಮೇಲೆ ರೋಟಾವೈರಸ್‌ನಿಂದ ಮಧ್ಯಮ ಅಥವಾ ತೀವ್ರ ಭೇದಿ ಆಗಲಿಲ್ಲ. ವೆಲ್ಲೂರಿನಲ್ಲಿ ಅದೇ ಬಗೆಯ ಅಧ್ಯಯನ ನಡೆದು 2011ರಲ್ಲಿ ಪ್ರಕಟವಾದಾಗ, ಮೂರು ಸಲ ಸೋಂಕಾದ ನಂತರವೂ ಸಿಕ್ಕ ರಕ್ಷಣೆ ಶೇ 79 ಮಾತ್ರ. ನಿಜವಾದ ಸೋಂಕೇ ಪೂರ್ತಿ ರಕ್ಷಣೆ ಕೊಡದ ಕಡೆ ಲಸಿಕೆ ಕೊಟ್ಟೀತೆಂದು ನಿರೀಕ್ಷಿಸುವುದು ಕಷ್ಟ.

ಕಾರಣ ಒಂದೇ ಆಗಿರುವಂತೆ ಕಾಣುವುದಿಲ್ಲ. ತಾಯಿಯಿಂದ ಬಂದ ಪ್ರತಿಕಾಯಗಳು ಬಾಯಿಗೆ ಹಾಕಿದ ಲಸಿಕೆಯ ವೈರಸ್ಸನ್ನೇ ತಟಸ್ಥಗೊಳಿಸಬಹುದು, ಜೊತೆಯಲ್ಲಿ ಕೊಡುವ ಪೋಲಿಯೊ ಹನಿ ಕರುಳಿನಲ್ಲಿ ಸ್ಪರ್ಧೆಗಿಳಿಯಬಹುದು, ಪದೇಪದೇ ಸೋಂಕು ತಗುಲಿ ಒಳಪದರ ಸವೆದ ಕರುಳು ಸರಿಯಾಗಿ ಸ್ಪಂದಿಸದಿರಬಹುದು, ಅಪೌಷ್ಟಿಕತೆಯೂ ಸೇರಿಕೊಳ್ಳುತ್ತದೆ. ನೀರು ಕೊಳವೆಯವರ ವಾದಕ್ಕೆ ಇಲ್ಲಿ ನಾನು ತಲೆಬಾಗುತ್ತೇನೆ. ಮಗುವಿನ ಸುತ್ತಲಿನ ಕೊಳೆ ಲಸಿಕೆಯ ಬಲವನ್ನೂ ತಿನ್ನುತ್ತಿರುವ ಸಾಧ್ಯತೆ ಇದೆ.

ಅಮ್ಮನ ದಿನಚರಿ
ನೀವೆಲ್ಲರೂ ಸಾವಿನ ಲೆಕ್ಕವನ್ನೇ ಹೇಳುತ್ತಿದ್ದೀರಿ. ಬದುಕಿ ಉಳಿದ ಮಕ್ಕಳ ಬಗ್ಗೆ ಯಾರಾದರೂ ಹೇಳಿ. ನನ್ನ ಮಗಳಿಗೆ ಒಂದೂವರೆ ವರ್ಷದೊಳಗೆ ಐದು ಸಲ ಭೇದಿಯಾಯಿತು. ಪ್ರತಿ ಸಲವೂ ನಾಲ್ಕೈದು ದಿನಗಳಲ್ಲಿ ನಿಂತಿತು, ಪ್ರತಿ ಸಲವೂ 'ಗುಣವಾಯಿತು' ಎಂದು ಬರೆದು ಕಳಿಸಿದರು. ಆದರೆ ತೂಕದ ಚೀಟಿಯಲ್ಲಿ ಗೆರೆ ಏರುವುದೇ ನಿಂತಿತ್ತು. ಒಂದು ಸಲ ಇಳಿದದ್ದನ್ನು ತುಂಬಿಕೊಳ್ಳುವ ಮೊದಲೇ ಮುಂದಿನ ಸಲ ಬಂದುಬಿಡುತ್ತಿತ್ತು. ಆ ಗೆರೆಯನ್ನು ಯಾರ ಲೆಕ್ಕದಲ್ಲಿ ಬರೆಯುತ್ತಾರೆ?

ಅಂಕಿಗಣಿತ
ತಾಯಿ, ನಿಮ್ಮ ಪ್ರಶ್ನೆ ಇಡೀ ಚರ್ಚೆಯ ದೊಡ್ಡ ಕೊರತೆಯನ್ನು ತೋರಿಸಿಕೊಟ್ಟಿತು. ರೋಗದ ಹೊರೆಯನ್ನು ಸಾವುಗಳಲ್ಲಷ್ಟೇ ಅಳೆಯದೆ, ಅಕಾಲ ಮರಣದಿಂದ ಹೋದ ವರ್ಷಗಳನ್ನೂ ಅನಾರೋಗ್ಯದಲ್ಲಿ ಕಳೆದ ವರ್ಷಗಳನ್ನೂ ಕೂಡಿಸುವ ಅಳತೆಯೊಂದು 1993ರಿಂದ ಬಳಕೆಯಲ್ಲಿದೆ. ಅದರಲ್ಲೂ ಭೇದಿಯ ದಿನಗಳು ಸೇರುತ್ತವೆ. ಆದರೆ ಭೇದಿ ಕದ್ದ ಬೆಳವಣಿಗೆಯನ್ನು ಪೂರ್ತಿಯಾಗಿ ಹಿಡಿದಿಡುವುದು ಕಷ್ಟವಾಗಿದೆ.

ಎಂಟು ದೇಶಗಳಲ್ಲಿ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಮಾಲ್-ಎಡ್ ಎಂಬ ಅಧ್ಯಯನ ಇದರಲ್ಲಿ ಕಣ್ಣು ತೆರೆಸಿತು. ಶಿಗೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್, ಜಿಯಾರ್ಡಿಯಾದಂತಹ ರೋಗಾಣುಗಳು ಭೇದಿಯನ್ನೇ ಮಾಡದೆ ಕರುಳಿನಲ್ಲಿದ್ದಾಗಲೂ ಮಕ್ಕಳ ಎತ್ತರ ಕುಂಠಿತವಾಗುವುದರೊಂದಿಗೆ ಅವುಗಳಿಗೆ ನಂಟು ಕಂಡುಬಂದಿತು. ಭೇದಿಯಾದವರನ್ನು ಮಾತ್ರ ಎಣಿಸಿದರೆ ಇವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಜೆಮ್ಸ್ ಅಧ್ಯಯನದಲ್ಲಿ ಕೂಡ, ಭೇದಿಯಾಗಿದ್ದ ಮಕ್ಕಳು ಮುಂದಿನ ಸುಮಾರು ಎರಡು ತಿಂಗಳ ಗಮನಿಕೆಯಲ್ಲಿ ಸಾಯುವ ಸಾಧ್ಯತೆ ಉಳಿದವರಿಗಿಂತ 8.5 ಪಟ್ಟು ಹೆಚ್ಚಿತ್ತು. ಭೇದಿ ನಿಂತ ದಿನಕ್ಕೇ ಅಪಾಯವೂ ನಿಂತಿತು ಎಂದು ತಿಳಿಯಬಾರದು.

ಮಕ್ಕಳ ವಾರ್ಡಿನ ವೈದ್ಯೆ
ಭೇದಿ ನಿಂತ ಮೇಲೂ ಜಿಂಕ್ ಮುಂದುವರಿಸಿ ಎನ್ನುವುದೂ ಇದೇ ಕಾರಣಕ್ಕೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10 ಮಿಲಿಗ್ರಾಂ, ಹತ್ತರಿಂದ ಹದಿನಾಲ್ಕು ದಿನ. ಮೂರನೆಯ ದಿನಕ್ಕೇ ಭೇದಿ ನಿಂತಿತೆಂದು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಅಮ್ಮನ ದಿನಚರಿಯವರೇ, ನಿಮ್ಮ ಮಗಳ ತೂಕದ ಗೆರೆಯನ್ನು ಈಗಲೂ ಮಕ್ಕಳ ವೈದ್ಯರಿಗೆ ತೋರಿಸಿ. ನೀವು ಗಮನಿಸಿದ್ದು ಸರಿಯಾಗಿಯೇ ಇದೆ.

ಜೀವಶಾಸ್ತ್ರದ ಮೇಷ್ಟ್ರು
ನೊರೊವೈರಸ್ ಹೆಸರು ಒಮ್ಮೆ ಬಂದು ಮರೆಯಾಯಿತು. ಅಮೆರಿಕದಲ್ಲಿ ರೋಟಾವೈರಸ್ ಲಸಿಕೆ ಬಂದ ಮೇಲೆ ಚಿಕಿತ್ಸೆ ಬೇಕಾಗುವ ಮಕ್ಕಳ ವಾಂತಿಭೇದಿಗೆ ಅದೇ ಮೊದಲ ಕಾರಣವಾಯಿತು. 1968ರಲ್ಲಿ ಓಹಾಯೋದ ನಾರ್ವಾಕ್ ಪಟ್ಟಣದ ಶಾಲೆಯೊಂದರಲ್ಲಿ ಹಬ್ಬಿದ ವಾಂತಿಯಿಂದ ಆ ಹೆಸರು ಬಂತು; 1972ರಲ್ಲಿ ಆಲ್ಬರ್ಟ್ ಕಪಿಕಿಯಾನ್ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅಲ್ಲಿಂದ ಮಾನವ ಕರುಳಿನ ಜೀವಕೋಶಗಳಲ್ಲಿ ಅದನ್ನು ಪ್ರಯೋಗಾಲಯದಲ್ಲಿ ನೆಚ್ಚುವಂತೆ ಬೆಳೆಸಲು 2016ರವರೆಗೆ ಕಾಯಬೇಕಾಯಿತು. ಬೆಳೆಸಲಾಗದ ವೈರಸ್ಸಿಗೆ ಲಸಿಕೆ ಮಾಡುವುದು ಎಷ್ಟು ಕಷ್ಟವೆಂದು ಊಹಿಸಿಕೊಳ್ಳಿ. ಮನೆಯವರಿಗೆ ಒಂದು ಮಾತು: ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಈ ವೈರಸ್ಸಿನ ಮೇಲೆ ಅಷ್ಟಾಗಿ ನಾಟುವುದಿಲ್ಲ. ಸೋಪು ಮತ್ತು ಹರಿಯುವ ನೀರೇ ಬೇಕು.

ಅಮ್ಮನ ದಿನಚರಿ
ಇದು ಗೊತ್ತೇ ಇರಲಿಲ್ಲ. ನಾನು ಸ್ಯಾನಿಟೈಸರ್ ಹಚ್ಚಿಕೊಂಡು ನಿಶ್ಚಿಂತೆಯಾಗಿರುತ್ತಿದ್ದೆ.

ಸಂಶಯಜೀವಿ
ಹಣದ ಪ್ರಶ್ನೆಗೆ ಬರುತ್ತೇನೆ. ಲಸಿಕೆಗೆ ಸಂಶೋಧನೆ ಬೇಕು, ಒಪ್ಪಿದೆ. ಆದರೆ ಓಆರ್‌ಎಸ್ ಇದ್ದೂ ಜಗತ್ತಿನಲ್ಲಿ ಭೇದಿಯಾದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೂ ಅದು ಸಿಗುತ್ತಿಲ್ಲ. ಇದಕ್ಕೂ ಸಂಶೋಧನೆ ಬೇಕೇ? ಇದು ಬರೀ ಹಂಚಿಕೆಯ ವಿಷಯವಲ್ಲವೇ?

ಅಂಕಿಗಣಿತ
ಬೇಕು. ಯಾಕೆ ಸಿಗುತ್ತಿಲ್ಲ ಎಂಬುದರ ಬಗ್ಗೆ ನಮ್ಮೆಲ್ಲರ ಊಹೆಯೂ ತಪ್ಪಾಗಿತ್ತು. ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ ಖಾಸಗಿಯಾಗಿ ಚಿಕಿತ್ಸೆ ಮತ್ತು ಔಷಧ ಕೊಡುವ 2,282 ಮಂದಿಯ ಬಳಿಗೆ, ಮಗುವಿಗೆ ಭೇದಿಯಾಗಿದೆ ಎಂದು ಹೇಳಲು ತರಬೇತಿ ಪಡೆದವರನ್ನು ಪಾಲಕರಂತೆ ಕಳಿಸಿ ನಡೆಸಿದ ಅಧ್ಯಯನ 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ದಾಸ್ತಾನು ಇಲ್ಲದಿರುವುದು, ಬೇರೆ ಔಷಧ ಮಾರಿದರೆ ಹೆಚ್ಚು ಲಾಭ ಎಂಬ ಆಸೆ, ಇವೇ ಮುಖ್ಯ ಕಾರಣಗಳೆಂದು ನಾವು ನಂಬಿದ್ದೆವು. ಅವೆರಡರ ಪಾಲು ಒಂದೊಂದೂ ಶೇ 5-6ರ ಆಸುಪಾಸು. 'ಬಂದವರಿಗೆ ಓಆರ್‌ಎಸ್ ಇಷ್ಟವಿಲ್ಲ' ಎಂದು ಕೊಡುವವರು ತಾವೇ ಭಾವಿಸಿಕೊಂಡಿದ್ದೇ ಶೇ 42ರಷ್ಟಕ್ಕೆ ಕಾರಣವಾಗಿತ್ತು. ಪೊಟ್ಟಣ ಹಂಚುವುದಕ್ಕೆ ಮಾತ್ರ ಹಣ ಹಾಕಿದ್ದರೆ ಸಮಸ್ಯೆಯ ಸಣ್ಣ ತುಂಡೊಂದು ಮಾತ್ರ ಬಗೆಹರಿಯುತ್ತಿತ್ತು.

ರಾತ್ರಿಪಾಳಿ
ಇದನ್ನು ಓದಿ ನನಗೆ ಸಂಕಟವಾಯಿತು. ಡ್ರಿಪ್ಪನ್ನೇ ಕೇಳುತ್ತಾರೆ ಎಂದು ನಾವು ಊಹಿಸುತ್ತೇವೆ. ನಾವು ಓಆರ್‌ಎಸ್ ಕೊಡಲಿಲ್ಲವಾದ್ದರಿಂದ ಅದು ಬೇಕಾಗಿಲ್ಲವೇನೋ ಎಂದು ಅವರು ಊಹಿಸುತ್ತಾರೆ. ಬಂದವರು ತಾವಾಗಿ 'ಓಆರ್‌ಎಸ್ ಕೊಡಿ' ಎಂದು ಬಾಯಿಬಿಟ್ಟು ಕೇಳಿದರೆ ಬಹಳಷ್ಟು ಬದಲಾಗುತ್ತದೆ.

ಓದುವ ಹಂಬಲ
ನನ್ನ ಮೂಲ ಪ್ರಶ್ನೆಯನ್ನು ನಾನೇ ತಿದ್ದಿಕೊಳ್ಳಬೇಕಾಗಿದೆ. ಚಿಕಿತ್ಸೆ ಒಂದೇ ಎಂಬಲ್ಲಿಂದ ಹೊರಟು, ತಡೆಯುವ ದಾರಿಯೂ ಒಂದೇ ಇರಬೇಕೆಂದು ಭಾವಿಸಿಬಿಟ್ಟಿದ್ದೆ. ರಾತ್ರಿಪಾಳಿಯವರೇ, ಇನ್ನೊಂದು ಸಣ್ಣ ವಿಷಯ ಕೇಳುತ್ತೇನೆ. ಪೊಟ್ಟಣ ಒಂದು ಲೀಟರಿನದು. ಮಗು ಅಷ್ಟು ಕುಡಿಯುವುದಿಲ್ಲವೆಂದು ಅರ್ಧ ಪುಡಿಯನ್ನು ಅಂದಾಜಿನಲ್ಲಿ ಲೋಟಕ್ಕೆ ಹಾಕಿ ಕಲಸಿದರೆ ಆಗುತ್ತದೆಯೇ? ಉಳಿದ ದ್ರಾವಣವನ್ನು ಎಷ್ಟು ಹೊತ್ತು ಇಡಬಹುದು?

ರಾತ್ರಿಪಾಳಿ
ಅಂದಾಜು ಖಂಡಿತ ಬೇಡ. ಪೊಟ್ಟಣದ ಮೇಲೆ ಬರೆದಿರುವಷ್ಟೇ ಶುದ್ಧ ನೀರಿಗೆ ಇಡೀ ಪೊಟ್ಟಣವನ್ನು ಒಮ್ಮೆಗೇ ಹಾಕಿ. ನೀರು ಕಡಿಮೆಯಾಗಿ ದ್ರಾವಣ ಗಟ್ಟಿಯಾದರೆ ಭೇದಿ ಹೆಚ್ಚಬಹುದು, ಮೈಯಲ್ಲಿ ಸೋಡಿಯಂ ಏರಬಹುದು. ರುಚಿಗೆಂದು ಮೇಲೆ ಸಕ್ಕರೆಯನ್ನೂ ಸೇರಿಸಬೇಡಿ. ಮುಚ್ಚಿಟ್ಟ ದ್ರಾವಣವನ್ನು ಕಲಸಿದ 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ ಹೊಸದಾಗಿ ಕಲಸಿ. ಮಗು ಕುಡಿಯಲಾರದಷ್ಟು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಚಮಚ ಹಿಡಿದು ಕೂರಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.